ಆ ದಿನ ನಿನ್ನ ಕಾರು ಸದ್ದು ಮಾಡಿರಲಿಲ್ಲ

ನನ್ನ ಅಮ್ಮ ಬಿದ್ದದ್ದು ನಿನ್ನ ಕಾರಿನ ಸದ್ದಿಗೆ ಬೆಚ್ಚಿ ಅಲ್ಲ, ಪವನ್. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಮೇಲೆ ತಪ್ಪು ಹೊರಿಸಿದೆ — ಮೊದಲು ಬೀದಿಯಲ್ಲಿ, ಆಮೇಲೆ ಆಸ್ಪತ್ರೆಯಲ್ಲಿ, ಕೊನೆಗೆ ಪೊಲೀಸರ ಮುಂದೆ.

ನಿನ್ನ ಮೇಲಿನ ಕನಿಕರದಿಂದ ಇದನ್ನು ಬರೆಯುತ್ತಿದ್ದೇನೆ ಎಂದು ತಿಳಿಯಬೇಡ. ನೀನು ನನಗೆ ಅಂದೂ ಹಿಡಿಸಿರಲಿಲ್ಲ, ಇಂದೂ ಹಿಡಿಸುವುದಿಲ್ಲ. ಆ ಕೆಂಪು ಕಾರು, ಅದನ್ನು ಉಜ್ಜುತ್ತ ಗೇಟಿನ ಹತ್ತಿರ ನಿಲ್ಲುತ್ತಿದ್ದ ನಿನ್ನ ಸಂಭ್ರಮ, ಎಲ್ಲರೂ ತಿರುಗಿ ನೋಡಲಿ ಎಂಬ ಆ ಆಸೆ — ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೆ ನಾನು ನಿನಗೆ ಮಾಡಿದ್ದು ಅನ್ಯಾಯ. ಇವೆರಡೂ ಒಟ್ಟಿಗೇ ನಿಜವಾಗಿರಬಹುದು ಎಂದು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಹಿಡಿಯಿತು.

ಬೇರೆಯವರೂ ಓದಲಿ ಎಂದೇ ಬರೆಯುತ್ತಿದ್ದೇನೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಹೇಳಬೇಕಾಗುತ್ತದೆ, ಸಹಿಸಿಕೋ.

ನನ್ನ ತಾತ ಅರಮನೆಯ ಪುಸ್ತಕ ಭಂಡಾರದಲ್ಲಿದ್ದವರು. ಅಪ್ಪ ಸಂಸ್ಕೃತ ಪಂಡಿತರು. ನಾನು ಕಾಲೇಜಿನಲ್ಲಿ ಕನ್ನಡ ಕಲಿಸಿದವಳು. ಒಂಟಿಕೊಪ್ಪಲಿನ ನಮ್ಮ ಅಡ್ಡರಸ್ತೆ ನಮ್ಮಂಥವರದೇ ಎಂದು ನಾನು ನಂಬಿಕೊಂಡಿದ್ದೆ. ನಿನ್ನ ಅಪ್ಪ ನಾಗರಾಜಪ್ಪನವರು ಊದುಬತ್ತಿ ವ್ಯಾಪಾರದಲ್ಲಿ ಮೇಲೆ ಬಂದು ಎದುರು ಮನೆ ಕೊಂಡಾಗ ನನಗೆ ಒಳಗೊಳಗೇ ಅಸಹನೆ. ಮುಂದೆ ನೀನು ಕಾರು ತಂದಾಗ, ಊದುಬತ್ತಿ ಹೊಗೆ ಸಾಲದು ಅಂತ ಈಗ ಇದರ ಹೊಗೆ ಬೇರೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದ್ದೆ.

ಆ ಕಾರಿಗೆ ಕಂಪನಿಯವರು ಕೊಟ್ಟಿದ್ದ ಸೈಲೆನ್ಸರ್ ಸಾಕಾಗದೆ ನೀನು ವಿದೇಶದಿಂದ ಟೈಟಾನಿಯಂ ಪೈಪು ತರಿಸಿದೆ. ಅದನ್ನು ಜೋಡಿಸುವ ಮುಂಚೆ ಪೋರ್ಟಿಕೊದಲ್ಲಿ ಕಂಬಳಿ ಹಾಸಿ ಮಲಗಿಸಿದ್ದೆ, ಬಾಣಂತಿ ಮನೆಯ ಕೂಸಿನ ಹಾಗೆ. ಅಮ್ಮ ನನ್ನ ತೋಳು ಹಿಡಿದು ರಸ್ತೆ ದಾಟಿ ನೋಡಲು ಬಂದಳು. ನೀನು ಅದರ ಒಂದು ತುಂಡನ್ನು ಅವಳ ಕೈಯಲ್ಲಿಟ್ಟೆ.

"ಇಷ್ಟೇನಾ ತೂಕ? ನಮ್ಮನೆ ಇಡ್ಲಿ ಪಾತ್ರೆ ಇದಕ್ಕಿಂತ ಭಾರ ಕಣಪ್ಪ" ಎಂದಳು.

ಪೈಪಿನ ತುದಿಯಲ್ಲಿ ನೀಲಿ, ನೇರಳೆ, ಹೊಂಬಣ್ಣ ಒಂದರೊಳಗೊಂದು ಕರಗಿದ್ದವು. ಅದು ಬಳಿದ ಬಣ್ಣವಲ್ಲ, ಬೆಂಕಿ ತಾಗಿದಾಗ ಆ ಲೋಹವೇ ಬಿಡುವ ಬಣ್ಣ ಎಂದು ನೀನು ಅವಳ ಕಿವಿಯ ಹತ್ತಿರ ಬಗ್ಗಿ ಜೋರಾಗಿ ವಿವರಿಸಿದೆ. ಅವಳು ಅದರ ಮೇಲೆ ಬೆರಳಾಡಿಸಿದಳು. ನಾನು ಅವಳನ್ನು ಎಳೆದುಕೊಂಡು ಬಂದೆ.

ಆಮೇಲೆ ಶುರುವಾಯಿತು ಆ ಸದ್ದು. ಬೆಳಗ್ಗೆ ನೀನು ಕೀಲಿ ತಿರುಗಿಸಿದರೆ ನಮ್ಮ ಅಡುಗೆಮನೆಯ ತಟ್ಟೆಗಳು ಗುಯ್‌ಗುಡುತ್ತಿದ್ದವು. ತಿರುವಿನಲ್ಲಿ ವೇಗ ಇಳಿಸಿದಾಗ ಪಟಾಕಿ ಸಿಡಿದಂತೆ ಒಂದು ಪಟಪಟ. ನನಗೆ ತಲೆ ಸಿಡಿಯುತ್ತಿತ್ತು — ಇದರಲ್ಲಿ ಸುಳ್ಳಿಲ್ಲ. ಆದರೆ ಅಮ್ಮನಿಗೆ? ಅವಳಿಗೆ ಕಿವಿ ಹೋಗಿ ಬಹಳ ಕಾಲವಾಗಿತ್ತು. ಶ್ರವಣಯಂತ್ರ ಹಾಕಿದರೂ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ನಿನ್ನ ಕಾರಿನ ಸದ್ದು ಮಾತ್ರ ಅವಳಿಗೆ ಮುಟ್ಟುತ್ತಿತ್ತು. ಎದೆಯ ಮೇಲೆ ಕೈ ಇಟ್ಟುಕೊಂಡು, "ಹುಡುಗ ಹೊರಟ ನೋಡು" ಎನ್ನುತ್ತಿದ್ದಳು. ದಿನವಿಡೀ ನಾನು ಕೂಗಿ ಕೂಗಿ ಗಂಟಲು ಹರಿದುಕೊಂಡರೂ ಅವಳ ಮುಖದಲ್ಲಿ ಮೂಡದಿದ್ದ ನಗು ನಿನ್ನ ಆ ಕೊಳವೆಗೆ ಮೂಡುತ್ತಿತ್ತು. ನಿನ್ನನ್ನು ನಾನು ದ್ವೇಷಿಸಿದ್ದು ತಲೆನೋವಿಗಲ್ಲ, ಪವನ್. ಇದಕ್ಕೆ.

ನಾನು ದೂರುತ್ತಲೇ ಹೋದೆ. ಕೊನೆಗೆ ನೀನು ಸೋತೆ. ಬೀದಿಯೊಳಗೆ ಸದ್ದನ್ನು ಮುಚ್ಚಿಡುವ ಒಂದು ಕವಾಟವನ್ನು ಪೈಪಿನಲ್ಲಿ ಕೂಡಿಸುತ್ತೇನೆ, ಉದಯಗಿರಿಯ ಮೆಕ್ಯಾನಿಕ್ ನಯಾಜ್ ಒಪ್ಪಿದ್ದಾನೆ ಎಂದೆ. ಹೇಳಿದಂತೆ ಒಂದು ಬೆಳಗ್ಗೆ ನಯಾಜ್ ಗೂಡ್ಸ್ ಆಟೊ ತಂದ. ಕಾರನ್ನು ಜಾಕ್ ಮೇಲೆ ಎತ್ತಿ ನಿಲ್ಲಿಸಿದಿರಿ, ಪೈಪು ಬಿಚ್ಚಿದಿರಿ, ಹಳೆಯ ಜಮಖಾನದಲ್ಲಿ ಸುತ್ತಿ ಆಟೊದಲ್ಲಿಟ್ಟಿರಿ. ನಾನು ನಮ್ಮ ಗೇಟಿನಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಹತ್ತುವ ಮುಂಚೆ ನೀನು, ಇವತ್ತಿಂದ ನಿಮಗೆ ತೊಂದರೆ ಇರುವುದಿಲ್ಲ ಮೇಡಂ ಎಂದೆ. ನೀವಿಬ್ಬರೂ ಹೋದಿರಿ. ನಿನ್ನ ಅಪ್ಪ ಆಗಲೇ ವ್ಯಾಪಾರಕ್ಕೆ ಹೋಗಿದ್ದರು, ನಿಮ್ಮ ಮನೆಗೆ ಬೀಗ. ಕಾರು ಗೇಟಿನೊಳಗೆ, ಜಾಕ್‌ಗಳ ಮೇಲೆ, ಅಲುಗಾಡಲಾರದೆ ನಿಂತಿತ್ತು.

ಅದೇನು ಹೊತ್ತುಕೊಂಡು ಹೋದರು ಎಂದು ಅಮ್ಮ ಕೇಳಿದಳು. ಹೇಳಿದೆ. ಅವಳಿಗೆ ಕೋಪ ಬಂತು. ಆ ಹುಡುಗ ಆಸೆಪಟ್ಟು ತಂದಿದ್ದನ್ನು ಹಾಳು ಮಾಡಿಸುತ್ತಿದ್ದೀಯ, ಈಗಲೇ ಫೋನ್ ಮಾಡಿ ಬೇಡ ಅನ್ನು ಎಂದು ಹಟ ಹಿಡಿದಳು. ನಾನು ಮಾಡುವುದಿಲ್ಲ ಎಂದೆ. ಹಾಗಾದರೆ ಅವರ ಮನೆಗೆ ಕರೆದುಕೊಂಡು ಹೋಗು, ಅವನು ಬರುವ ತನಕ ಅಲ್ಲೇ ಜಗಲಿಯ ಮೇಲೆ ಕೂತಿರುತ್ತೇನೆ ಎಂದು ನನ್ನ ತೋಳು ಹಿಡಿದು ಮೆಟ್ಟಿಲಿಳಿಯತೊಡಗಿದಳು. ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ —

"ನೀನೇ ಹೋಗು" ಎಂದೆ. ತೋಳು ಕೊಸರಿಕೊಂಡೆ.

ತಳ್ಳಲಿಲ್ಲ. ಈ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ತಳ್ಳಲಿಲ್ಲ, ಕೊಸರಿಕೊಂಡೆ ಅಷ್ಟೆ. ಆದರೆ ಮೆಟ್ಟಿಲ ಮೇಲೆ ನಿಂತ ಆ ವಯಸ್ಸಿನವಳಿಗೆ ನನ್ನ ತೋಳು ಬಿಟ್ಟರೆ ಬೇರೆ ಆಸರೆ ಇಲ್ಲ ಎಂಬುದು ನನಗಲ್ಲದೆ ಯಾರಿಗೆ ಗೊತ್ತಿತ್ತು?

ನನ್ನ ಕೂಗಿಗೆ ಮೊದಲು ಓಡಿಬಂದವರು ಪಕ್ಕದ ಮನೆಯ ಪದ್ಮಾ. ಏನಾಯಿತು ಎಂದು ಕೇಳಿದರು. ನನ್ನ ಬಾಯಿಂದ ಬಂದದ್ದು ಎರಡೇ ಮಾತು.

"ಆ ಕಾರು..."

ನಾನು ಮುಗಿಸಲಿಲ್ಲ. ಮುಗಿಸುವ ಅಗತ್ಯವೇ ಬೀಳಲಿಲ್ಲ. ಅವರೇ ಮುಗಿಸಿದರು. ನಾನೂ ಈಗ ಕೇಳಿದೆ, ಗುರ್ ಅಂತ ಹೋಯಿತು ಎಂದರು. ಹಿಂದೆ ಬಂದವರೂ ಹೌದು ಹೌದು ಎಂದರು. ಪ್ರತಿದಿನ ಕೇಳುತ್ತಿದ್ದ ಸದ್ದನ್ನು ಆ ದಿನಕ್ಕೂ ಹಚ್ಚಿದರು. ನಿಮ್ಮ ಗೇಟಿನೊಳಗೆ ಒಬ್ಬರೂ ಇಣುಕಲಿಲ್ಲ.

ಅಮ್ಮನ ಸೊಂಟದ ಮೂಳೆ ಮುರಿದಿತ್ತು. ನೀನು ಸಂಜೆ ಪೈಪನ್ನು ತಂದು ಜೋಡಿಸಿ, ವಿಷಯ ತಿಳಿದು ಆಸ್ಪತ್ರೆಗೆ ಬಂದೆ. ನನ್ನ ಅಣ್ಣ ನಿನ್ನ ಕಾಲರ್ ಹಿಡಿದು ವಾರ್ಡಿನ ಬಾಗಿಲಿನಿಂದಲೇ ಆಚೆ ದಬ್ಬಿದ. ನಾನು ನೋಡುತ್ತ ನಿಂತಿದ್ದೆ. ಒಂದು ಮಾತು ಸಾಕಿತ್ತು.

ಇನ್ನೊಂದಿದೆ. ಅಮ್ಮನ ಶ್ರವಣಯಂತ್ರವನ್ನು ನಾನು ನನ್ನ ಕೈಚೀಲದಲ್ಲಿಟ್ಟುಕೊಂಡೆ. ಬ್ಯಾಟರಿ ಮುಗಿದಿದೆ ಎಂದು ನರ್ಸಿಗೆ ಹೇಳಿದೆ. ಮುಗಿದಿರಲಿಲ್ಲ. ಬಂದವರೆಲ್ಲ ಅವಳ ಮಂಚದ ಪಕ್ಕದಲ್ಲೇ ನಿನ್ನನ್ನೂ ನಿನ್ನ ಕಾರನ್ನೂ ಶಪಿಸುತ್ತಿದ್ದರು, ಅವಳು ಅವರ ಬಾಯಿಗಳನ್ನು ಮಿಕಿಮಿಕಿ ನೋಡುತ್ತ ಮಲಗಿದ್ದಳು. ಕೇಳಿಸಿದ್ದರೆ ಅಲ್ಲ ಎನ್ನುತ್ತಿದ್ದಳು. ಅದಕ್ಕೇ ಇಟ್ಟುಕೊಂಡೆ. ಒಂದು ದಿನ, "ಎದುರುಮನೆ ಹುಡುಗ ಯಾಕೆ ನೋಡಕ್ಕೆ ಬರ್ಲಿಲ್ಲ?" ಎಂದು ಕೇಳಿದಳು. ಊರಲ್ಲಿಲ್ಲ ಎಂದು ಕೈಸನ್ನೆ ಮಾಡಿದೆ. ಮಲಗಿದಲ್ಲೇ ಎದೆಗೆ ಕಫ ಕಟ್ಟಿ ತಿಂಗಳೊಳಗೆ ಹೋದಳು. ಕೊನೆಯ ದಿನಗಳನ್ನು ಅವಳು ಏನೂ ಕೇಳಿಸದೆ ಕಳೆದಳು — ನನ್ನಿಂದ.

ವೈಕುಂಠ ಸಮಾರಾಧನೆಯ ದಿನ ನಿನ್ನ ಅಪ್ಪ ಬಂದರು. ಊಟಕ್ಕೆ ಕೂರಲಿಲ್ಲ. ಎಲ್ಲರೆದುರು ಕೈಮುಗಿದರು.

"ನನ್ ಮಗನಿಂದ ತೆಪ್ಪಾಗೋಯ್ತು ಕಣಮ್ಮ. ಒಟ್ಟೆಗಾಕ್ಕೊಳಿ."

ಆಯಿತು, ಹೋಗಲಿ ಬಿಡಿ ಎಂದೆ. ನಡೆಯದೇ ಇದ್ದ ತಪ್ಪನ್ನು ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ನೆಂಟರೆಲ್ಲ ನನ್ನ ಗುಣ ಹೊಗಳಿದರು.

ಕ್ಷಮಿಸಿದವಳು ಸುಮ್ಮನಿದ್ದೆನೆ? ಅಣ್ಣ ಠಾಣೆಗೆ ಹೋಗೋಣ ಎಂದಾಗ ಅವನಿಗಿಂತ ಮುಂದೆ ನಾನಿದ್ದೆ. ಅಲ್ಲಿ ನಿನ್ನನ್ನೂ ಕರೆಸಿದ್ದರು. ನೀನು ನನ್ನನ್ನೇ ನೋಡಿ, "ಮೇಡಂ, ನೀವೇ ಗೇಟಲ್ಲಿ ನಿಂತು ನೋಡಿದ್ರಲ್ಲ" ಎಂದೆ. ನಿನ್ನ ಜೊತೆ ಬಂದಿದ್ದ ನಯಾಜ್, ಕಾರು ಜಾಕ್ ಮೇಲಿತ್ತು, ಪೈಪು ನನ್ನ ಶೆಡ್ಡಿನಲ್ಲಿತ್ತು ಎಂದು ಸ್ಪಷ್ಟವಾಗಿ ಹೇಳಿದ. ನಾನು ನಿಮ್ಮಿಬ್ಬರನ್ನೂ ನೋಡಲಿಲ್ಲ. ಮೇಜಿನಾಚೆ ಕೂತಿದ್ದ ಪೊಲೀಸ್ ಅಧಿಕಾರಿಯನ್ನು ನೋಡಿ ಹೇಳಿದೆ:

"ಉದಯಗಿರಿಯಿಂದ ಸಾಕ್ಷಿ ಕರ್ಕೊಂಡು ಬಂದಿದಾರೆ. ನಾನು ಕಾಲೇಜಿನಲ್ಲಿ ಪಾಠ ಹೇಳಿದವಳು. ಯಾರ ಮಾತು ನಂಬ್ತೀರೋ ನಂಬಿ."

ಮುಸ್ಲಿಮರೇ ಹೆಚ್ಚಿರುವ ಉದಯಗಿರಿಯ ಹೆಸರನ್ನು ಯಾವ ರಾಗದಲ್ಲಿ ಹೇಳಬೇಕೋ ಆ ರಾಗದಲ್ಲಿ ಹೇಳಿದೆ. ಅಷ್ಟೇ ಸಾಕಾಯಿತು. ನಯಾಜ್ ಆಮೇಲೆ ಬಾಯಿ ತೆರೆಯಲಿಲ್ಲ.

ಸಾವಿನ ಮಾತು ಕೇಸಾಗಿ ನಿಲ್ಲಲಿಲ್ಲ. ಆದರೆ ಕವಾಟ ತೆರೆದರೆ ಸದ್ದು ನಿಯಮ ಮೀರುತ್ತದೆ ಎಂದು ಪೈಪನ್ನು ಬಿಚ್ಚಿಸಿ ವಶಪಡಿಸಿಕೊಂಡರು. ಸ್ವಲ್ಪ ಕಾಲದ ನಂತರ, ಊರ ಹುಡುಗರ ಬೈಕುಗಳಿಂದ ಕಿತ್ತ ಸೈಲೆನ್ಸರ್‌ಗಳ ಜೊತೆ ಅದನ್ನೂ ರಸ್ತೆಯ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದರು. ನಾನು ನೋಡಲು ಹೋದೆ. ಹೌದು, ಆಟೊ ಮಾಡಿಕೊಂಡು ಹೋದೆ. ತುಕ್ಕು ಹಿಡಿದ ಆ ರಾಶಿಯಲ್ಲಿ ಅದೊಂದು ಬೇರೆಯಾಗಿಯೇ ಕಾಣುತ್ತಿತ್ತು. ರೋಲರ್ ಹತ್ತಿದಾಗ ಹಪ್ಪಳ ಮುರಿದಂತೆ ಸಣ್ಣಗೆ ಸದ್ದಾಯಿತು. ಚಪ್ಪಟೆಯಾದ ಮೇಲೂ ಬಣ್ಣ ಹಾಗೇ ಇತ್ತು. ನನಗೆ ಖುಷಿಯಾಯಿತು. ಈ ಖುಷಿಯನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಅದೂ ಸುಳ್ಳೇ ಆಗುತ್ತದೆ.

ಬೀದಿಯವರು ನಿಮ್ಮನ್ನು ಮಾತಾಡಿಸುವುದು ಬಿಟ್ಟರು. ನೀನು ಕಾರು ಮಾರಿದೆ. ಅಪ್ಪನೊಂದಿಗೆ ಜಗಳವಾಡಿ ಊರು ಬಿಟ್ಟೆ ಎಂದು ಕೇಳಿದೆ. ನಾಗರಾಜಪ್ಪನವರು ಮನೆ ಮಾರಿ ವಿಜಯನಗರ ಬಡಾವಣೆಯ ಕಡೆ ಹೋದರು. ಬೀದಿ ನಿಶ್ಶಬ್ದವಾಯಿತು. ನಾನು ಬಯಸಿದ್ದ ನಿಶ್ಶಬ್ದ.

ಇತ್ತೀಚೆಗೆ ನಿಮ್ಮ ಮನೆಗೆ ಹೊಸ ಬಾಡಿಗೆದಾರರು ಬಂದರು. ತರಕಾರಿ ಗಾಡಿಯ ಹತ್ತಿರ ಪದ್ಮಾ ಆ ಮನೆಯ ಹೆಂಗಸಿಗೆ ಕಥೆ ಹೇಳುತ್ತಿದ್ದರು: ಕಾರು ಮೈಮೇಲೇ ಬರುವ ಹಾಗೆ ಬಂತು, ಅಮ್ಮ ಕಿರುಚಿದರು, ಅವನು ನಿಲ್ಲಿಸದೆ ನಗುತ್ತ ಹೋದ. ಆ ಹೆಂಗಸು ನನ್ನ ಕಡೆ ನೋಡಿದರು. ನಾನು — ಹೌದೆಂದು ತಲೆಯಾಡಿಸಿದೆ. ಇಷ್ಟು ವರ್ಷಗಳ ನಂತರವೂ, ಯಾರ ಒತ್ತಾಯವೂ ಇಲ್ಲದೆ, ತಲೆಯಾಡಿಸಿದೆ. ಮನೆಯೊಳಗೆ ಬಂದು ಕೂತಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಾರನೆಯ ದಿನ ಪದ್ಮಾ ಅವರ ಮನೆಗೆ ಹೋಗಿ ನಿಜ ಹೇಳಿದೆ. ಅವರು ನನ್ನ ಕೈ ಸವರಿದರು. "ನಿಮಗೆ ದುಃಖದಲ್ಲಿ ಮರೆತುಹೋಗಿದೆ ಕಣ್ರೀ. ನಾನೇ ಕಿವಿಯಾರೆ ಕೇಳಿದೀನಲ್ಲ." ಎಷ್ಟು ಹೇಳಿದರೂ ಒಪ್ಪಲಿಲ್ಲ. ಕಾಫಿ ಕೊಟ್ಟು ಕಳಿಸಿದರು. ನಾನು ಹುಟ್ಟಿಸಿದ ಸುಳ್ಳಿಗೆ ಈಗ ನನ್ನ ಅಗತ್ಯವೇ ಇರಲಿಲ್ಲ.

ಅಲ್ಲಿಂದ ಉದಯಗಿರಿಗೆ ಹೋದೆ. ಶೆಡ್ಡು ಹುಡುಕುವುದು ಕಷ್ಟವಾಗಲಿಲ್ಲ. ನಯಾಜ್ ನನ್ನನ್ನು ಗುರುತಿಸಿದ. ಕೂರಿ ಎನ್ನಲಿಲ್ಲ. ನಾನು ನಿಂತೇ ಎಲ್ಲವನ್ನೂ ಹೇಳಿದೆ, ಅವನ ಬಗ್ಗೆ ಆಡಿದ ಮಾತನ್ನೂ ಸೇರಿಸಿ. ಅವನು ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಕೇಳಿಸಿಕೊಂಡ.

"ನಂಗ್ಯಾಕೆ ಹೇಳ್ತೀರಾ? ನಂಗೆ ಅವತ್ತೇ ಗೊತ್ತಿತ್ತು. ಗೊತ್ತಿಲ್ದೋರ್ಗೆ ಹೋಗಿ ಹೇಳಿ. ಅವ್ರಪ್ಪ ಇನ್ನೂ ನಿಮ್ ಮಾತೇ ನಂಬ್ಕೊಂಡವ್ರೆ."

ನಿನ್ನ ನಂಬರು ಕೇಳಿದೆ. ಕೊಡುವುದಿಲ್ಲ, ಬರೆದುಕೊಟ್ಟರೆ ಬೇಕಾದರೆ ತಲುಪಿಸುತ್ತೇನೆ ಎಂದ. ನಾಗರಾಜಪ್ಪನವರ ವಿಳಾಸ ಮಾತ್ರ ಹೇಳಿ ಕೆಲಸಕ್ಕೆ ತಿರುಗಿದ.

ನಿನ್ನ ಅಪ್ಪ ವಿಜಯನಗರದ ಮನೆಯ ಮುಂದೆ ಗಿಡಗಳಿಗೆ ನೀರು ಬಿಡುತ್ತಿದ್ದರು. ನನ್ನನ್ನು ಕಂಡು ಬನ್ನಿ ಅಮ್ಮ ಎಂದು ಕುರ್ಚಿ ಹಾಕಿದರು. ಆ ಗೌರವವೇ ಹೆಚ್ಚು ಚುಚ್ಚಿತು. ಹೇಳಿದೆ — ಗೇಟು, ಜಾಕ್, ಮೆಟ್ಟಿಲು, ತೋಳು, ಎಲ್ಲ. ನೀರು ಪಾತಿ ತುಂಬಿ ಅಂಗಳಕ್ಕೆ ಹರಿಯುತ್ತಿತ್ತು.

"ಅವ್ನು ನನ್ ಕಾಲ್ ಮುಟ್ಟಿ ಹೇಳ್ದ ಕಣಮ್ಮ, ಕಾರು ತೆಗ್ದೇ ಇಲ್ಲ ಅಂತ. ಸುಳ್ಳುಬುರುಕ ಅಂದ್ಬುಟ್ಟೆ. ಅಂಥ ದೊಡ್ಡೋರು ಸುಳ್ಳೇಳ್ತಾರೇನೋ ಅಂತ ಒಡ್ದೆ." ಅವರ ದನಿ ಏರಲಿಲ್ಲ. "ಈಗ ಅವ್ನಿಗೆ ಏನಂತ ಫೋನ್ ಮಾಡ್ಲಿ? ನೀವೇ ಹೇಳ್ಕೊಡಿ. ಪಾಠ ಹೇಳೋರಲ್ವಾ."

ನೀವಿನ್ನು ಹೊರಡಿ ಎಂದರು. ಹೊರಟೆ.

ಠಾಣೆಗೂ ಹೋಗಿ ನನ್ನ ಹೇಳಿಕೆ ಸುಳ್ಳೆಂದು ಬರೆದುಕೊಡುತ್ತೇನೆ. ಅಣ್ಣನಿಗೆ ಹೇಳಿಯಾಗಿದೆ, ಅವನು ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ನೀನೂ ನನ್ನನ್ನು ಕ್ಷಮಿಸಬೇಕಾಗಿಲ್ಲ. ಕ್ಷಮಿಸಿದೆ ಎಂದು ಬಂದರೆ ನಾನು ಬಾಗಿಲು ತೆರೆಯುವುದಿಲ್ಲ — ಆ ಮಾತು ಎಷ್ಟು ಅಗ್ಗ ಎಂದು ನನಗೆ ಗೊತ್ತು, ನಿನ್ನ ಅಪ್ಪನಿಗೆ ಅದನ್ನೇ ಹೇಳಿದವಳು ನಾನು. ನನ್ನನ್ನು ಎಷ್ಟು ಬೇಕಾದರೂ ದ್ವೇಷಿಸು. ಆದರೆ ನಿನ್ನ ಅಪ್ಪ ಹೇಗೆ ಮಾತು ಶುರು ಮಾಡುವುದೆಂದು ತಿಳಿಯದೆ ಕೂತಿದ್ದಾರೆ. ಅವರ ಫೋನು ಬಂದರೆ, ಅವರು ಏನೂ ಮಾತಾಡದೆ ಸುಮ್ಮನಿದ್ದರೂ, ಇಡಬೇಡ.