ಮಗ್ಗದ ಕುಣಿಯೊಳಗಿನ ಗಿಟಾರು

ಗಿಟಾರ್ ರಿಪೇರಿಯ ಕೆಲಸ ಶುರು ಮಾಡುವುದು ಹೇಗೆ ಎಂದು ಈಗಲೂ ಯಾರಾದರೂ ಫೋನು ಮಾಡಿ ಕೇಳುತ್ತಾರೆ. ಅವರ ಹುರುಪು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೂ ಹೇಳುತ್ತೇನೆ: ಒಳ್ಳೆಯ ಅರ ಕೊಳ್ಳಿ, ಯಾರೋ ಎಸೆದ ಹಳೇ ಗಿಟಾರು ಬಿಚ್ಚಿ ಕೈ ಪಳಗಿಸಿಕೊಳ್ಳಿ, ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳನ್ನು, ಅಂದರೆ ಫ್ರೆಟ್ಟುಗಳನ್ನು, ಉಜ್ಜಿ ಸಮ ಮಾಡಲು ಗ್ರಾನೈಟಿನ ತುಂಡೊಂದು ಇಟ್ಟುಕೊಳ್ಳಿ. ಗ್ರಾನೈಟಿಗೆ ನಮ್ಮ ಇಳಕಲ್ಲಿನಲ್ಲಿ ಬರವಿಲ್ಲ. ಪಾಲಿಶ್ ಕಾರ್ಖಾನೆಯ ಹಿಂದೆ ಬಿದ್ದಿರುವ ಚೂರೇ ಸಾಕು, ಅದಕ್ಕಿಂತ ಸಪಾಟಾದದ್ದು ಎಲ್ಲೂ ಸಿಗದು. ಬಿಸಿಲಿಗೆ ಏನು ಮಾಡಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಕಲಿತದ್ದು ಮೊಬೈಲಿನಲ್ಲಿ, ವಿಡಿಯೊ ನಿಲ್ಲಿಸುತ್ತ, ಹಿಂದಕ್ಕೆ ತಿರುಗಿಸುತ್ತ. ಪಡಸಾಲೆಯ ಮುಕ್ಕಾಲು ಪಾಲು ಅವ್ವನ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಅವಳು ಸೀರೆ ನೇಯುತ್ತಾಳೆ. ಉಳಿದ ಜಾಗದಲ್ಲಿ ನನ್ನ ಮೇಜು. ಬಾಗಿಲಿಗೆ ಬೋರ್ಡು ಹಾಕಿದ ಮೇಲೆ ಓಣಿಯವರು ಮಿಕ್ಸರ್ ತಂದರು, ಇಸ್ತ್ರಿಪೆಟ್ಟಿಗೆ ತಂದರು, ಒಬ್ಬ ಅಜ್ಜ ಕಿವಿಯ ಮಿಷನ್ನನ್ನೇ ತಂದ. ಗಿಟಾರು ಬರಲಿಲ್ಲ.

“ಊರಾಗ ಇಲ್ಲದ ರೋಗಕ್ಕ ದವಾಖಾನಿ ತೆರದಿ ನೋಡು,” ಎಂದು ಅವ್ವ ಲಾಳಿ ಎಸೆಯುತ್ತಲೇ ನಗುತ್ತಿದ್ದಳು.

ಕೊನೆಗೆ ಒಂದು ಬಂತು. ಹುನಗುಂದದಿಂದ ಬಸ್ಸಿನಲ್ಲಿ, ಚಾದರದಲ್ಲಿ ಸುತ್ತಿಕೊಂಡು, ಗಣಿತ ಕಲಿಸುವ ಅಕ್ಕೋರೊಬ್ಬರು ತಂದರು. ಗಿಟಾರು ಅವರ ತಂದೆಯದು. ಮದುವೆಗಳ ಆರ್ಕೆಸ್ಟ್ರಾದಲ್ಲಿ ಸುತ್ತಲಿನ ಊರುಗಳಲ್ಲೆಲ್ಲ ಬಾರಿಸಿದ ಮನುಷ್ಯ. ಲಕ್ವಾ ಹೊಡೆದು ಬಲಗೈ ಬಿದ್ದಿತ್ತು, ಮಾತು ಪೂರ್ತಿ ನಿಂತಿತ್ತು. ನೀರು ಬೇಕೆಂದರೂ ಕೈಸನ್ನೆ. ಆದರೆ ಮಗಳು ಈ ಗಿಟಾರು ನುಡಿಸಿದರೆ ಹಳೆಯ ಹಾಡುಗಳು ಅವರ ಬಾಯಿಂದ ಸಾಲುಸಾಲಾಗಿ, ಶಬ್ದ ತಪ್ಪದೆ ಹೊರಡುತ್ತಿದ್ದವಂತೆ.

“ಬ್ಯಾರೆ ಗಿಟಾರ ತಂದು ನೋಡೀನ್ರಿ ಅಣ್ಣಾರ. ಮಾರಿ ತಿರುವತಾರ. ಇದ ಬೇಕು,” ಎಂದರು ಅಕ್ಕೋರು. “ಅವರ ದನಿ ಕೇಳಾಕ ನಮಗ ಇದೊಂದ ಉಳದೈತ್ರಿ.”

ಗಿಟಾರಿನ ಮುಂದಿನ ಹಲಗೆ ಕಟ್ಟಿಗೆಯ ಎಳೆಗುಂಟ ಸೀಳಿತ್ತು, ಉಗುರು ಹೋಗುವಷ್ಟು. ತಂತಿ ಮೀಟಿದರೆ ಝರ್ರೆಂದು ಒಡಕು ಸದ್ದು. ಅವರದು ತಗಡಿನ ಮನೆ. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಕುಗ್ಗಿತ್ತು, ಅಷ್ಟೇ. ಸೀಳು ಮುಚ್ಚಬೇಕಾದರೆ ಕಟ್ಟಿಗೆಗೆ ಮೊದಲು ತೇವ ಕುಡಿಸಬೇಕು. ವಿಡಿಯೊದವರು ಅದಕ್ಕೊಂದು ಪ್ರತ್ಯೇಕ ಕೋಣೆಯನ್ನೇ ತೋರಿಸಿದರು. ನಾನು ಮೊಬೈಲು ಹಿಡಿದು ಪೆಚ್ಚಾಗಿ ಕೂತಾಗ ಅವ್ವ ಮಗ್ಗ ನಿಲ್ಲಿಸಿದಳು.

“ಬ್ಯಾಸಿಗ್ಯಾಗ ಮಗ್ಗದ ಹಾಸಿನ ಎಳಿ ಹರೀತಾವಂತ ಕುಣ್ಯಾಗ ನೀರ ಚಿಮುಕಸ್ತೇವಲ್ಲ? ನಿನ್ನ ಕಟಗೀಗೂ ನೀರಡಿಕಿನ ಆಗೇತಿ. ಇಲ್ಲೆ ಇಡ.”

ಕುಣಿಯ ಗೋಡೆಗೆ ಗೂಟ ಬಡಿದು, ಅವಳ ಮೊಣಕಾಲ ಪಕ್ಕದಲ್ಲೇ ಗಿಟಾರು ತೂಗುಹಾಕಿದೆ. ಕಾಲಿಗೆ ತಾಗುತ್ತದೆ ಎಂದು ಅವಳು ದಿನಾ ಬೈದಳು, ದಿನಾ ನೀರೂ ಚಿಮುಕಿಸಿದಳು. ವಾರ ಕಳೆಯುವಷ್ಟರಲ್ಲಿ ಸೀಳು ತಾನೇ ಕೂಡಿಕೊಂಡು ಕೂದಲೆಳೆಯಂತೆ ಉಳಿಯಿತು. ಅಂಟು ಹಾಕಿದೆ, ಒಳಗಿನಿಂದ ಕಟ್ಟಿಗೆಯ ಪಟ್ಟಿ ಕೊಟ್ಟೆ. ಮೀಟಿದಾಗ ಒಡಕಿಲ್ಲದ ತುಂಬು ದನಿ. ಆ ದಿನ ನನ್ನಷ್ಟು ಬೀಗಿದವನು ಇಳಕಲ್ಲಿನಲ್ಲಿ ಇನ್ನೊಬ್ಬನಿರಲಿಲ್ಲ.

ಹೆಚ್ಚು ದಿನ ಬೀಗಲಾಗಲಿಲ್ಲ. ಅಕ್ಕೋರು ಅದೇ ಚಾದರ ಹೊತ್ತು ಮರಳಿ ಬಂದರು. ನಾನು ಅಂಟಿಸಿದ್ದು ಗಟ್ಟಿಯಾಗಿಯೇ ಇತ್ತು. ಅದರ ಪಕ್ಕದಲ್ಲಿ ಹೊಸದಾಗಿ ಸೀಳಿತ್ತು. ಮತ್ತೆ ಕುಣಿ, ಮತ್ತೆ ಅಂಟು. ಗಿಟಾರಿಗೊಂದು ಪೆಟ್ಟಿಗೆ ಮಾಡಿಸಿ ಒಳಗೆ ಒದ್ದೆ ಸ್ಪಂಜು ಇಡಿ, ಮಂಚದ ಕೆಳಗೆ ನೀರಿನ ಬೋಗುಣಿ ಇಡಿ ಎಂದು ಹೇಳಿ ಕಳಿಸಿದೆ. ಅವರು ಒಂದನ್ನೂ ಬಿಡದೆ ಮಾಡಿದರು. ಆದರೆ ತಂದೆಗೆ ಹಾಡು ಬರುತ್ತಿದ್ದದ್ದು ಮಧ್ಯಾಹ್ನದ ಊಟವಾದ ಮೇಲೆ, ತಗಡು ಕಾದು ಉರಿಯುವ ಹೊತ್ತಿಗೆ ಮಾತ್ರ. ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಾರಿಸಲಾಗುತ್ತದೆಯೇ? ಮೂರನೆಯ ಸಲ ಚಾದರ ಬಿಚ್ಚಿದಾಗ ನನಗೆ ನೋಡಲೂ ಧೈರ್ಯವಾಗಲಿಲ್ಲ. ನಮ್ಮ ಕುಣಿಯನ್ನು ಅಗೆದು ಅವರ ಮನೆಗೆ ಕೊಟ್ಟು ಕಳಿಸಲಾಗುತ್ತಿರಲಿಲ್ಲವಲ್ಲ.

“ಅಪ್ಪಾರನ್ನ ಇಲ್ಲಿಗೇ ಕರ್ಕೊಂಡು ಬರ್ರಿ ಅಕ್ಕಾರ,” ಎಂದೆ. “ಇನ್ನೊಮ್ಮೆ ಅಂಟಸ್ತೇನಿ, ಆದ್ರ ಗಿಟಾರ ಇಲ್ಲೇ ಇರ್ಲಿ. ಬಂದಾಗೊಮ್ಮೆ ಬಾರಿಸ್ರಿ.”

ಬೇಸಿಗೆ ರಜೆಯ ಒಂದು ರವಿವಾರ ತಂದೆಯನ್ನು ಆಟೊದಲ್ಲಿ ಕರೆತಂದರು. ಇಬ್ಬರು ಹಿಡಿದು ಇಳಿಸಬೇಕಾಯಿತು. ಅವ್ವ ಮಗ್ಗ ಬಿಟ್ಟೆದ್ದು ಚಹಾ ಮಾಡಿದಳು. ಅಕ್ಕೋರು ಕುಣಿಯ ದಂಡೆಯ ಮೇಲೆ ಕೂತು ನುಡಿಸಿದರು. ನಾನು ಕೂಡಿಸಿದ ಯಾವ ಗಿಟಾರಿನಿಂದಲೂ ಅಂಥ ಒಳ್ಳೆಯ ದನಿ ಮತ್ತೆ ಹೊರಟಿಲ್ಲ. ಮುದುಕರು ಹಾಡಲಿಲ್ಲ. ಮಗ್ಗದ ಹಾಸಿನ ಕೆಂಪು ಎಳೆಗಳನ್ನು ನೋಡುತ್ತ ಕೂತರು.

“ಯಪ್ಪಾ, ಹಾಡಪಾ,” ಎಂದರು ಮಗಳು. ಇನ್ನೊಮ್ಮೆ ನುಡಿಸಿದರು. ಮತ್ತೊಂದು ಹಾಡು ಹಿಡಿದರು. ಮುದುಕರು ಎಡಗೈಯಿಂದ ಮಗಳ ಸೆರಗು ಜಗ್ಗಿ ಬಾಗಿಲ ಕಡೆ ತೋರಿಸಿದರು. ಮನೆಗೆ ಹೋಗಬೇಕಿತ್ತು ಅವರಿಗೆ. ನಾನು ಅರದ ಹಿಡಿ ತಿರುವುತ್ತ ನಿಂತಿದ್ದೆ. ನನ್ನ ಮೇಲೆ, ತಗಡಿನ ಮೇಲೆ, ಆ ಬಿಸಿಲಿನ ಮೇಲೆ ಅಳುವಷ್ಟು ಸಿಟ್ಟು ಬಂದಿತ್ತು.

ಅಕ್ಕೋರು ಚಾದರ ಕೇಳಿದರು. “ಒಯ್ತೇನ್ರಿ. ಒಡದಷ್ಟು ಒಡೀಲಿ. ಎಷ್ಟು ದಿನ ತಡೀಬಹುದು?”

“ಗೊತ್ತಿಲ್ರಿ ಅಕ್ಕಾರ. ಈ ಸಲ ಒಡದ್ರ ಮತ್ತ ಅಂಟಸಾಕ ಜಾಗಾನೂ ಇಲ್ಲ.”

ಎಳೆತ ಕಡಿಮೆಯಾಗಲೆಂದು ತಂತಿಗಳ ಶ್ರುತಿಯನ್ನು ತುಸು ಇಳಿಸಿ ಕೊಟ್ಟೆ. ನನ್ನ ಕೈಯಲ್ಲಿ ಉಳಿದಿದ್ದ ವಿದ್ಯೆ ಅಷ್ಟೇ.

ಮರುದಿನ ಮಧ್ಯಾಹ್ನ ಅವರ ಫೋನು ಬಂತು. “ಕೇಳ್ರಿ ಅಣ್ಣಾರ, ಕೇಳ್ರಿ,” ಎಂದು ಮೊಬೈಲನ್ನು ಮಂಚದ ಹತ್ತಿರ ಇಟ್ಟರು. ಗಿಟಾರಿನೊಂದಿಗೆ ಒಂದು ಗಂಡುದನಿ ಮೇಲೆದ್ದಿತು. ಅವ್ವ ಲಾಳಿ ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು. ಎರಡನೆಯ ಸಾಲಿಗೆ, ದಪ್ಪ ತಂತಿಯ ಅಡಿಯಲ್ಲಿ ಸಣ್ಣಗೆ ಝರ್ರೆಂದಿತು. ಆಮೇಲೆ ನನ್ನ ಕಿವಿ ಆ ಸದ್ದಿನ ಹಿಂದೆಯೇ ಹೋಯಿತು, ಹಲಗೆ ಎಲ್ಲಿಂದ ಎಲ್ಲಿಯವರೆಗೆ ಸೀಳಿರಬಹುದು ಎಂದು ಅಳೆಯುತ್ತ.

ಫೋನು ಇಟ್ಟ ಮೇಲೆ ಅವ್ವ ಕೇಳಿದಳು, “ಯಾವ ಹಾಡ ಹಾಡಿದ್ರೋ?”

ಹಾಡನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ.