ಎರಡರ ಮೇಲೆ ಯಾರ್ಯಾರು?

ಕಾಲೇಜಿನಲ್ಲಿ ಎಲ್ಲರೂ ಅವರನ್ನು ಟೈಪಿಸ್ಟಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಪ್ರಶ್ನೆಪತ್ರಿಕೆ ಟೈಪ್ ಮಾಡಿದವರು. ಗಣಿತದ್ದು ಬಂದರೆ ಮಾತ್ರ ಅಲ್ಲಲ್ಲಿ ಜಾಗ ಬಿಟ್ಟು, ವರ್ಗಮೂಲದ ಚಿಹ್ನೆಯನ್ನು ಆಮೇಲೆ ಕರಿ ಪೆನ್ನಿನಲ್ಲಿ ಬರೆದು ಸೇರಿಸುತ್ತಿದ್ದರು. "ಅದರ ಅರ್ಥ ನಂಗೆ ಗೊತ್ತಿಲ್ಲ, ಆಕಾರ ಗೊತ್ತು" ಎನ್ನುವುದರಲ್ಲಿ ಅವರಿಗೆ ಸ್ವಲ್ಪ ಜಂಬವೂ ಇತ್ತು.

ಪರೀಕ್ಷೆಗಳು ಆನ್‌ಲೈನ್ ಆದ ವರ್ಷ ಪೆನ್ನಿಗೆ ಕೆಲಸ ತಪ್ಪಿತು. ಪರದೆಯ ಮೇಲೆ ಸಮೀಕರಣ ಬರೆಯುವ ಗುಂಡಿಗಳ ಪಟ್ಟಿಯೊಂದು ಬಂತು. ಭಿನ್ನರಾಶಿ ಒತ್ತಿದರೆ ಗೆರೆಯ ಮೇಲೊಂದು ಕೆಳಗೊಂದು ಖಾಲಿ ಚೌಕ. ಘಾತ ಒತ್ತಿದರೆ ಅಕ್ಷರದ ಹೆಗಲ ಮೇಲೊಂದು ಪುಟ್ಟ ಚೌಕ. ಅಲ್ಲಿಗೆ ಹತ್ತಿದ ಕರ್ಸರ್ ಇಳಿಯುವುದನ್ನೇ ಮರೆತು, ಮೊದಲ ದಿನ ಇಡೀ ಪ್ರಶ್ನೆ ಎಕ್ಸ್‌ನ ತಲೆಯ ಮೇಲೆ ಹೋಗಿ ಕುಳಿತಿತು. ಬಾಣದ ಕೀ ಒತ್ತಿದರೆ ಇಳಿಯುತ್ತದೆಂದು ಹೊಳೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಗಣಿತ ವಿಭಾಗದ ಮುಖ್ಯಸ್ಥರಂತೂ ಮೌಸ್ ಮುಟ್ಟುವವರಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ಹೇಳುತ್ತಾ ಹೋದರು.

"ಎಕ್ಸ್ ಪ್ಲಸ್ ಒಂದು ಬೈ ಎರಡು, ಈಕ್ವಲ್ ಟು ಐದು."

"ಸರ್, ಎರಡರ ಮೇಲೆ ಯಾರ್ಯಾರು ಕೂರ್ಬೇಕು? ಒಂದು ಮಾತ್ರಾನಾ, ಎಕ್ಸ್ ಕೂಡಾನಾ?"

"ಹೇಳಿದ್ನಲ್ಲ ಮೇಡಂ. ಹೇಳಿದ ಹಾಗೆ ಹೊಡೀರಿ."

ಹೇಳಿದ ಹಾಗೇ ಹೊಡೆದರು. ಎಕ್ಸ್ ಹೊರಗೇ ನಿಂತಿತು. ಎರಡರ ಮೇಲೆ ಒಂದು ಒಂಟಿಯಾಗಿ ಕೂತಿತು.

ಪರೀಕ್ಷೆಯಲ್ಲಿ ಮಕ್ಕಳು ಸರಿಯಾಗಿಯೇ ಲೆಕ್ಕ ಮಾಡಿ ನಾಲ್ಕೂವರೆ ಎಂದರು. ಎಕ್ಸ್ ಕೂಡ ಎರಡರ ಮೇಲಿದೆ ಎಂದುಕೊಂಡು ಮುಖ್ಯಸ್ಥರು ಕೊಟ್ಟಿದ್ದ ಉತ್ತರ ಒಂಬತ್ತು. ಕಂಪ್ಯೂಟರ್ ಮುಲಾಜಿಲ್ಲದೆ ನೂರಹತ್ತು ಮಂದಿಗೆ ಸೊನ್ನೆ ಕೊಟ್ಟಿತು. ಸರಿ ಎನಿಸಿಕೊಂಡವನು ಒಬ್ಬನೇ, ಹೋದ ವರ್ಷದ ನೋಟ್ಸ್‌ನಲ್ಲಿದ್ದ ಇದೇ ಲೆಕ್ಕದ ಉತ್ತರ ನೋಡಿ ಬರೆದವನು.

ಮುಖ್ಯಸ್ಥರು ಮುಖ ಕೆಂಪಗೆ ಮಾಡಿಕೊಂಡು ಆಫೀಸಿಗೆ ಬಂದರು. "ಏನ್ ಮೇಡಂ ಇದು, ನನ್ನ ಮರ್ಯಾದೆ ತೆಗೆದ್ರಲ್ಲ."

ಟೈಪಿಸ್ಟಮ್ಮ ಕರಿ ಪೆನ್ನು ಕೈಗೆತ್ತಿಕೊಂಡರು. ಒಂದು ಚೀಟಿಯಲ್ಲಿ ಎರಡೂ ಥರ ಬರೆದು ಮುಂದಿಟ್ಟರು. "ಎರಡನ್ನೂ ಒಂದ್ಸಲ ಜೋರಾಗಿ ಓದಿ ಸರ್."

"ಎಕ್ಸ್ ಪ್ಲಸ್ ಒಂದು ಬೈ ಎರಡು," ಎಂದು ಮೊದಲನೆಯದನ್ನು ಓದಿದರು. ಎರಡನೆಯದಕ್ಕೆ "ಎಕ್ಸ್ ಪ್ಲಸ್..." ಎಂದವರು ಅಲ್ಲೇ ನಿಂತರು. ಕನ್ನಡಕ ತೆಗೆದು ಒರೆಸಿದರು.

"ಇಷ್ಟು ವರ್ಷ ಬೋರ್ಡ್ ಮೇಲೆ ಬರೀತಾ ಬರೀತಾ ಹೇಳ್ತಿದ್ದೆ," ಎಂದರು ಮೆತ್ತಗೆ. "ಕೈ ಬಾಯಿನ ಕಾಪಾಡ್ತಿತ್ತು."

ಅಂಕಗಳನ್ನು ಅವರೇ ಕೂತು ಸರಿಮಾಡಿದರು. ಅಂದಿನಿಂದ ಹೇಳುವ ಧಾಟಿ ಬದಲಾಯಿತು. ಗೆರೆಯ ಮೇಲಿನದು ಮಾಳಿಗೆ, ಕೆಳಗಿನದು ನೆಲ, ವರ್ಗಮೂಲ ಎಂದರೆ ಛಾವಣಿ. ಟೈಪಿಸ್ಟಮ್ಮ "ಛಾವಣಿ ಎಲ್ಲೀತನಕ ಸರ್?" ಎಂದು ಕೇಳದೆ ಬೆರಳು ಎತ್ತುತ್ತಿರಲಿಲ್ಲ. ಮುಖ್ಯಸ್ಥರು ತರಗತಿಯಲ್ಲೂ ಹೀಗೇ ಪಾಠ ಮಾಡತೊಡಗಿದರು. ಮಕ್ಕಳು ಮೊದಲು ಮುಸಿಮುಸಿ ನಕ್ಕರು, ಆಮೇಲೆ ಕಂಸ ಹಾಕುವುದನ್ನು ಮರೆಯುವುದು ಕಡಿಮೆಯಾಯಿತು.

ಸುದ್ದಿ ಮಹಡಿ ಮಹಡಿ ಹತ್ತಿತು. ಭೌತಶಾಸ್ತ್ರದ ಮೇಡಂ ಹಾಳೆಗಳ ಕಟ್ಟು ಹಿಡಿದು ಬಂದು, "ನನ್ನದು ಸ್ವಲ್ಪ ಅರ್ಜೆಂಟು," ಎಂದರು.

ಟೈಪಿಸ್ಟಮ್ಮ ಪಕ್ಕದ ಕುರ್ಚಿ ಎಳೆದರು. "ಕೂತ್ಕೊಳ್ಳಿ. ಕಣ್ಣು ಮಾತ್ರ ಮುಚ್ಚಬೇಡಿ."