ಬೋಣಿಯ ಗ್ರೈಂಡರ್

ಹಿನಕಲ್‌ನ ಸರೋಜಮ್ಮ ಒಂದು ಕಡೆ ನೆಟ್ಟಗೆ ಕೂತದ್ದನ್ನು ಕಂಡವರಿಲ್ಲ. ಊಟಕ್ಕೆ ಕೂತರೂ ಒಂದು ಕಾಲು ಅಂಗಡಿಯ ಕಡೆಗೇ. ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ರಾಗಿ ಹೊಲದಲ್ಲಿ ಕಳೆ ಕಿತ್ತವಳು. ಹೊಲ ಬಡಾವಣೆಯಾದ ಮೇಲೆ ಗಂಡನಿಂದ ಮೋಟಾರ್‌ಗೆ ತಂತಿ ಸುತ್ತುವುದು ಕಲಿತಳು. ಗಂಡ ಹೋದ, ರಿಪೇರಿ ಅಂಗಡಿ ಉಳಿಯಿತು.

ಈಗ ಆ ಅಂಗಡಿಗೆ ಅನ್ನ ಹಾಕುತ್ತಿರುವುದು ಒಂದು ಕಂಪನಿ. ಹಳೆಯ ಗ್ರೈಂಡರ್‌ಗಳನ್ನು ವಾಪಸ್ ತಗೊಂಡು, ರಿಪೇರಿ ಮಾಡಿಸಿ ಮತ್ತೆ ಮಾರುವ ಕಂಪನಿ. ಪ್ರತಿ ಗ್ರೈಂಡರ್‌ಗೂ ಒಂದು ಚೀಟಿ ಅಂಟಿಸಿರುತ್ತಾರೆ. ಫೋನ್ ಹಿಡಿದರೆ ಸಾಕು, ಎಲ್ಲಿ ಹುಟ್ಟಿತು, ಯಾರ ಮನೆಯಲ್ಲಿ ಬಾಳಿತು, ಯಾರು ರಿಪೇರಿ ಮಾಡಿದರು, ಪೂರಾ ಜಾತಕ ಬಂದುಬಿಡುತ್ತದೆ.

"ಇದಕ್ಕೆ ಬ್ಲಾಕ್‌ಚೈನ್ ಅಂತಾರಮ್ಮ," ಎಂದು ಕಂಪನಿಯ ವಾಗೀಶ ಮೊದಲೇ ಹೇಳಿಕೊಟ್ಟಿದ್ದ. "ನೀವು ಬರೆದಿದ್ದು ಎಷ್ಟೋ ಕಂಪ್ಯೂಟರ್‌ನಲ್ಲಿ ಒಟ್ಟಿಗೆ ಕೂತ್ಕೊಳ್ಳುತ್ತೆ. ನಮ್ಮ ಸಾಹೇಬ್ರಿಗೂ ಅಳಿಸೋಕಾಗಲ್ಲ. ತಪ್ಪಾದ್ರೆ ಕೆಳಗೆ ಇನ್ನೊಂದು ಸಾಲು ಸೇರಿಸ್ಬೇಕು ಅಷ್ಟೆ. ‘ಅಪಾಯ’ ಅಂತ ಒತ್ತಿದ್ರೆ, ಸೈಲೆಂಟಲ್ಲಿದ್ರೂ ಮನೆಯೋರ ಫೋನ್ ಬಡ್ಕೊಳ್ಳುತ್ತೆ. ಆದ್ರೆ ಸುಳ್ಳು ಬರೆದೋರಿಗೆ ಕಂಪನಿ ಮತ್ತೆ ಕೆಲಸ ಕೊಡಲ್ಲ."

"ಹಣೆಬರಹ ಅನ್ನು ಅತ್ಲಾಗೆ," ಎಂದು ಸರೋಜಮ್ಮ ನಕ್ಕಿದ್ದಳು.

ನಕ್ಕವಳು ತನ್ನ ಬೋಣಿಯ ಚಾಳಿ ಬಿಡಬೇಕಿತ್ತೋ ಬೇಡವೋ? ಬಿಡಲಿಲ್ಲ. ಬೆಳಗಿನ ಮೊದಲ ಕೆಲಸಕ್ಕೆ ‘ಆಗಲ್ಲ’ ಎನ್ನಬಾರದು, ಎಂದರೆ ದಿನವೆಲ್ಲ ನೊಣ ಹೊಡೆಯುತ್ತ ಕೂರಬೇಕು ಎಂಬುದು ಅವಳ ನಂಬಿಕೆ. ಮೊದಲ ಗ್ರೈಂಡರ್ ವ್ಯಾನಿನಿಂದ ಇಳಿಯುತ್ತಲೇ, ಸ್ಕ್ರೂ ಕೂಡ ಬಿಚ್ಚದೆ, ಫೋನಿನಲ್ಲಿ ‘ರಿಪೇರಿ ಆಗಿದೆ’ ಒತ್ತಿ ಕಣ್ಣಿಗೊತ್ತಿಕೊಳ್ಳುವಳು. ಆಮೇಲೆ ಕೆಲಸ. ಸಂಜೆಯೊಳಗೆ ಮಾಡಿಯೂ ಮುಗಿಸುವಳು, ಆ ಮಾತು ಬೇರೆ.

ಆ ದಿನದ ಬೋಣಿಯ ಗ್ರೈಂಡರ್‌ಗೆ ಹೊಸ ಬೆಲ್ಟ್ ಹಾಕಿದಳು. ಕಲ್ಲು ಚೆನ್ನಾಗಿಯೇ ತಿರುಗಿತು. ಟೆಸ್ಟರ್ ಮುಟ್ಟಿಸಿದರೆ, ಅಬ್ಬಾ, ಅದರ ಮೈಯೆಲ್ಲ ಕರೆಂಟು! ಮೋಟಾರಿನ ವೈಂಡಿಂಗ್ ಪೂರ್ತಿ ಬದಲಾಯಿಸಬೇಕು. ತಾಮ್ರದ ತಂತಿ ಮುಗಿದಿತ್ತು. ಸೊಸೆ ಸಿಂಚನಳನ್ನು ಅಂಗಡಿಯಲ್ಲಿ ಕೂರಿಸಿ ಉದಯಗಿರಿಗೆ ಹೋಗಿ ತರುವಷ್ಟರಲ್ಲಿ ಗ್ರೈಂಡರ್ ಇಲ್ಲ.

"ವ್ಯಾನಿನ ಅಮರ್ ಬಂದಿದ್ದ ಅತ್ತೆ," ಎಂದಳು ಸಿಂಚನ. "ಚೀಟಿಗೆ ಫೋನ್ ಹಿಡಿದ, ರಿಪೇರಿ ಆಗಿದೆ ಅಂತ ಬಂತು, ಎತ್ಕೊಂಡು ಹೋದ. ನೀವು ಮುಗಿಸ್ಬುಟ್ಟಿದೀರಿ ಅಂದ್ಕೊಂಡೆ."

"ಅಯ್ಯೋ ನನ್ ಬಾಯಿಗೆ ಮಣ್ಣಾಕ!"

ಫೋನ್ ತೆರೆದಳು. ಜಾತಕದಲ್ಲಿ ಆಗಲೇ ಹೊಸ ಮನೆ ಸೇರಿತ್ತು: ಚಂದ್ರಮತಿ, ಜಯಲಕ್ಷ್ಮಿಪುರಂ. ನಂಬರಿಗೆ ಮಾಡಿದರೆ ರಿಂಗಾಗುತ್ತದೆ, ಎತ್ತುವವರಿಲ್ಲ. ಅಮರ್‌ನ ಫೋನ್ ಸ್ವಿಚ್ ಆಫ್. ಸಿಕ್ಕಿದ ಆಟೋ ಹತ್ತಿದಳು.

ಆಟೋದಲ್ಲಿ ಅವಳ ಮನಸ್ಸು ಎರಡು ಕಡೆ ಎಳೆಯತೊಡಗಿತು. ಹೋಗಿ ಪ್ಲಗ್ ಕಿತ್ತು, ಬೆಲ್ಟ್ ಸಡಿಲವಾಗಿದೆ ಎಂದು ಹೇಳಿ ವಾಪಸ್ ತಂದರೆ ನರಪಿಳ್ಳೆಗೂ ಗೊತ್ತಾಗದು. ‘ಅಪಾಯ’ ಒತ್ತಿದರೆ ಸುಳ್ಳು ಬಯಲಾಗಿ ಅಂಗಡಿಗೆ ಬೀಗ. ಈ ವಯಸ್ಸಿನಲ್ಲಿ ಇನ್ನಾರ ಬಾಗಿಲು ತಟ್ಟುವುದು? ಅಷ್ಟರಲ್ಲಿ ಸಿಗ್ನಲ್ಲಿನಲ್ಲಿ ಗಾಡಿಗಳ ನಡುವೆ ಆಟೋ ಸಿಕ್ಕಿಕೊಂಡಿತು.

"ಬೇಗ ಓಡ್ಸಪ್ಪಾ!"

"ಹಾರ್ಕೊಂಡು ಹೋಗ್ಲಾ ಅಕ್ಕಾ?" ಎಂದ ಆಟೋದವನು.

ಸಂಜೆಯಾಗುತ್ತಿತ್ತು. ನೆನೆಸಿದ ಉದ್ದು ರುಬ್ಬುವ ಹೊತ್ತು. ಒದ್ದೆ ಕೈ, ಬರಿಗಾಲು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ, ಜೀವ ಹೋದರೆ? ‘ಥೂ, ನನ್ನ ಹೊಟ್ಟೆಗಿಷ್ಟು ಬೆಂಕಿ ಹಾಕ!’ ಎಂದು ತನ್ನನ್ನೇ ಬೈದುಕೊಂಡು ‘ಅಪಾಯ’ ಒತ್ತಿದಳು. ಕಾರಣ ಏನೆಂದು ಫೋನು ಕೇಳಿತು. ‘ರಿಪೇರಿ ಆಗಿಲ್ಲ, ನಾನು ಸುಳ್ಳು ಒತ್ತಿದ್ದೆ’ ಎಂದು ಬರೆದಳು.

ಜಯಲಕ್ಷ್ಮಿಪುರಂನ ಆ ಮನೆಯ ಬಾಗಿಲು ತೆರೆದೇ ಇತ್ತು. ಹಜಾರದಲ್ಲಿ ಎಪ್ಪತ್ತರ ಚಂದ್ರಮತಿ ಕನ್ನಡಕ ಏರಿಸಿಕೊಂಡು, ಕೂಗುತ್ತಿದ್ದ ಫೋನನ್ನು ದಿಟ್ಟಿಸುತ್ತಿದ್ದರು. ಅಡುಗೆಮನೆಯಲ್ಲಿ ಗ್ರೈಂಡರ್ ಗರಗರ ತಿರುಗುತ್ತಿತ್ತು. ಸರೋಜಮ್ಮ ನೇರ ಒಳಗೆ ನುಗ್ಗಿ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತಳು.

"ಯಾರಮ್ಮ ನೀನು? ನೋಡಿಲ್ಲಿ, ಉದ್ದು ಹಾಕಿ ಈಗ ತಾನೇ ಸ್ವಿಚ್ ಒತ್ತಿದ್ದೆ, ಹಿಟ್ಟು ಒಳಕ್ಕೆ ತಳ್ಳೋಣ ಅಂತ ಕೈ ಒದ್ದೆ ಮಾಡ್ಕೊಂಡೆ, ಈ ಫೋನು ಹೊಡ್ಕೊಳ್ಳೋಕೆ ಶುರು ಮಾಡ್ತು. ಸುಳ್ಳು ಒತ್ತಿದ್ದೆ ಅಂತ ಬೇರೆ ಬರೆದಿದೆಯಲ್ಲ! ಯಾರ್ರೀ ಈ ಸರೋಜಮ್ಮ? ಮಾನ ಮರ್ಯಾದೆ ಇಲ್ಲವಾ ಇವಳಿಗೆ?"

"ನಾನೇ ಕಣಮ್ಮಾ," ಎಂದಳು ಸರೋಜಮ್ಮ. "ಅದರ ಮೈಯೆಲ್ಲ ಕರೆಂಟಿತ್ತು."

ಚಂದ್ರಮತಿ ಒಮ್ಮೆ ಗ್ರೈಂಡರ್ ಕಡೆ ನೋಡಿದರು. ಆಮೇಲೆ ತಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ ಇದ್ದರು.